ಕಸೂತಿ ಕೆಲಸಾನ ಫೋನಲ್ಲೇ ಕೊಲಾಜ್ ಮಾಡಿ ಹಂಚ್ಕೊಳ್ಳೋದು ಹೇಗೆ

ಉತ್ತರ ಕರ್ನಾಟಕದ ಕಸೂತಿ, ಅಂದ್ರೆ ಬಟ್ಟೆಯ ಎಳೆ ಎಣಿಸಿ ಕೈಯಲ್ಲೇ ಹಾಕೋ ಹೊಲಿಗೆ, ಒಂದೇ ಫೋಟೋದಲ್ಲಿ ಕಾಣೋ ಕೆಲಸ ಅಲ್ಲ. ಸೀರೆ ಪೂರ್ತಿ ಬರೋ ಹಾಗೆ ತೆಗೆದ್ರೆ ಗೋಪುರ, ತೇರು, ಆನೆ ಎಲ್ಲಾ ಬರೀ ಚುಕ್ಕಿ ಆಗ್ಬಿಡುತ್ತೆ, ಹತ್ರ ಹೋಗಿ ತೆಗೆದ್ರೆ ಹೊಲಿಗೆ ಚೆನ್ನಾಗಿ ಕಾಣುತ್ತೆ ಆದ್ರೆ ಅದು ಸೀರೆ ಸೆರಗೋ ಬ್ಲೌಸ್ ತೋಳೋ ದಿಂಬಿನ ಕವರೋ ಗೊತ್ತಾಗಲ್ಲ, ಇನ್ನು ಗವಂತಿ ಅನ್ನೋ ಹೊಲಿಗೆ ಹಾಕಿದ್ರೆ ಬಟ್ಟೆಯ ಎರಡೂ ಕಡೆ ಒಂದೇ ಥರ ಬರುತ್ತಲ್ಲ, ಆ ಎರಡೂ ಕಡೆನ ಒಟ್ಟಿಗೆ ಒಂದೇ ಫೋಟೋದಲ್ಲಿ ಚೆನ್ನಾಗಿ ತೋರ್ಸೋದು ಕಷ್ಟ. ಇದರಿಂದ ಏನಾಗ್ತಿದೆ ಅಂದ್ರೆ ವಾರಗಟ್ಟಲೆ ಕೂತು ಎಳೆ ಎಣಿಸಿ ಎಣಿಸಿ ಹಾಕಿರೋ ಕೆಲಸ ವಾಟ್ಸಾಪ್ ಸ್ಟೇಟಸ್‌ನಲ್ಲಿ ಮಷೀನ್ ಎಂಬ್ರಾಯ್ಡರಿ ಥರಾನೇ ಕಾಣುತ್ತೆ, ನೋಡಿದವರು ಒಂದು ಥಂಬ್ಸಪ್ ಹಾಕಿ ಮುಂದೆ ಹೋಗ್ತಾರೆ, ಆಮೇಲೆ ರೇಟ್ ಕೇಳಿದಾಗ "ಇಷ್ಟೊಂದಾ?" ಅಂತಾರೆ. ಕೈಕೆಲಸ ಮಾಡೋರಿಗೆ ಇದು ನಿಜವಾಗ್ಲೂ ನೋವಿನ ವಿಷ್ಯ.

ಅದಕ್ಕೆ ಕೊಲಾಜ್ ಆಪ್, ಅಂದ್ರೆ ಹಲವು ಫೋಟೋನ ಒಂದೇ ಚಿತ್ರದಲ್ಲಿ ಜೋಡ್ಸಿ ಕೊಡೋ ಆಪ್, ತುಂಬಾ ಉಪಯೋಗಕ್ಕೆ ಬರುತ್ತೆ. ಆದ್ರೆ ಕೊಲಾಜ್ ಅಂದ್ರೆ ಗ್ಯಾಲರಿಯಲ್ಲಿರೋ ಒಂಬತ್ತು ಫೋಟೋ ತಗೊಂಡು ಒಂದು ಡಬ್ಬಿಗೆ ತುಂಬೋದಲ್ಲ. ಕೊಲಾಜ್‌ನಲ್ಲಿರೋ ಪ್ರತಿ ಮನೆನೂ (ಒಂದೊಂದು ಫೋಟೋ ಕೂರೋ ಜಾಗ) ನೋಡೋರ ಒಂದೊಂದು ಪ್ರಶ್ನೆಗೆ ಉತ್ತರ ಕೊಡ್ಬೇಕು, ಬೇರೆ ಮನೆ ಕೊಡದೇ ಇರೋ ಉತ್ತರ. ಇದು ಯಾವ ವಸ್ತು? ಹೊಲಿಗೆ ಹೇಗಿದೆ? ಹಿಂದ್ಗಡೆ ಹೇಗಿದೆ? ಎಷ್ಟು ದೊಡ್ಡದು? ಕೈಯಲ್ಲೇ ಮಾಡಿದ್ದಾ? ಈ ಐದರಲ್ಲಿ ನಿಮ್ಮ ಕೆಲಸಕ್ಕೆ ಯಾವ ಮೂರೋ ನಾಲ್ಕೋ ಮುಖ್ಯ ಅಂತ ಮೊದಲು ತೀರ್ಮಾನ ಮಾಡ್ಕೊಳ್ಳಿ, ಆಪ್ ಓಪನ್ ಮಾಡೋದು ಆಮೇಲೆ. ನಾನು ಇಲ್ಲಿ ಕಸೂತಿನೇ ಇಟ್ಕೊಂಡು ಹೇಳ್ತೀನಿ, ಆದ್ರೆ ಸೀರೆ ಕುಚ್ಚು, ಕ್ರೋಶಾ, ಮಣ್ಣಿನ ಗೊಂಬೆ, ಆರಿ ವರ್ಕ್ ಮಾಡೋರೂ ಇದನ್ನೇ ತಮಗೆ ಬೇಕಾದ ಹಾಗೆ ಬದಲಾಯಿಸ್ಕೊಬೋದು.

ಯಾವ ಆಪ್

ಮೊದಲ ಸಲ ಮಾಡ್ತಿದ್ರೆ ಹೊಸ ಆಪ್ ಹಾಕೋದೇ ಬೇಡ. ಆಂಡ್ರಾಯ್ಡ್ ಫೋನಲ್ಲಿ ಗೂಗಲ್ ಫೋಟೋಸ್ ಇದ್ದೇ ಇರುತ್ತೆ, ಅದರಲ್ಲಿ ಒಂದು ಫೋಟೋ ಮೇಲೆ ಒತ್ತಿ ಹಿಡೀರಿ, ಬೇಕಾದ ಉಳಿದ ಫೋಟೋಗಳಿಗೂ ಟಿಕ್ ಹಾಕಿ, ಪ್ಲಸ್ ಗುರುತು ಅಥವಾ ಕ್ರಿಯೇಟ್ ಅಂತ ಇರೋ ಕಡೆ ಹೋದ್ರೆ ಕೊಲಾಜ್ ಅಂತ ಸಿಗುತ್ತೆ, ಒತ್ತಿದ ತಕ್ಷಣ ಅದೇ ಜೋಡ್ಸಿ ಕೊಡುತ್ತೆ, ಆಮೇಲೆ ಲೇಔಟ್ ಬದಲಾಯಿಸ್ಬೋದು. ಸ್ಯಾಮ್‌ಸಂಗ್ ಫೋನ್ ಇರೋರಿಗೆ ಅವರ ಗ್ಯಾಲರಿ ಒಳಗೇ ಹೀಗೇ ಮಾಡೋ ಸೌಲಭ್ಯ ಇದೆ. ಅಪ್‌ಡೇಟ್ ಬಂದಾಗೆಲ್ಲ ಬಟನ್ ಜಾಗ ಆಚೆ ಈಚೆ ಆಗ್ತಿರುತ್ತೆ, ಗಾಬರಿ ಆಗ್ಬೇಡಿ, ಫೋಟೋ ಸೆಲೆಕ್ಟ್ ಮಾಡಿದ ಮೇಲೆ ಮೇಲ್ಗಡೆನೋ ಕೆಳಗಡೆನೋ ಬರೋ ಮೆನುವಲ್ಲಿ ಎಲ್ಲೋ ಒಂದು ಕಡೆ ಇರುತ್ತೆ.

ಇದರಲ್ಲಿ ಕೈ ಕುದುರಿದ ಮೇಲೆ ಅಕ್ಷರ ಬರೀಬೇಕು, ಮನೆ ಅಳತೆ ನಮಗೆ ಬೇಕಾದ ಹಾಗೆ ಎಳೀಬೇಕು ಅನ್ಸುತ್ತೆ, ಆವಾಗ ಪಿಕ್‌ಕೊಲಾಜ್ ಅಥವಾ ಕ್ಯಾನ್ವಾ ಹಾಕ್ಕೊಳ್ಳಿ. ಪಿಕ್‌ಕೊಲಾಜ್‌ನಲ್ಲಿ ಗ್ರಿಡ್, ಅಂದ್ರೆ ಸಾಲಾಗಿರೋ ಮನೆಗಳ ಚೌಕಟ್ಟು, ಇಟ್ಟು ಮಾಡೋದೂ ಇದೆ, ಗ್ರಿಡ್ ಇಲ್ಲದೆ ಫೋಟೋಗಳನ್ನ ಹಾಗೇ ಹರಡಿ ಇಡೋದೂ ಇದೆ. ಕಸೂತಿಗೆ ಗ್ರಿಡ್ಡೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ, ಯಾಕಂದ್ರೆ ಕಸೂತಿಯಲ್ಲಿ ಎಲ್ಲಾನೂ ನೆಟ್ಟಗಿರೋ ಗೆರೆ, ಅಡ್ಡ, ಉದ್ದ, ಇಲ್ಲಾ ಓರೆ, ಅದರ ಫೋಟೋನ ಸೊಟ್ಟಕೆ ತಿರುಗಿಸಿ ಇಟ್ರೆ ಹಾಕಿರೋ ಹೊಲಿಗೆನೇ ಸೊಟ್ಟ ಅನ್ಸುತ್ತೆ. ಕ್ರೋಶಾ ಹೂವು, ಗೊಂಬೆ ಥರದ್ದಕ್ಕೆ ಬೇಕಾದ್ರೆ ಹರಡಿ ಇಡಿ, ಅಲ್ಲಿ ಚೆನ್ನಾಗಿ ಕಾಣುತ್ತೆ.

ಆಪ್ ಹಾಕೋವಾಗ ಎರಡು ವಿಷ್ಯ ನೋಡ್ಕೊಳ್ಳಿ. ಒಂದು, ಫೋಟೋ ನೋಡೋಕೆ ಪರ್ಮಿಷನ್ ಕೇಳುತ್ತಲ್ಲ, ಆಂಡ್ರಾಯ್ಡ್ 14 ಅಥವಾ ಅದಕ್ಕಿಂತ ಹೊಸದಿರೋ ಫೋನಲ್ಲೂ ಐಫೋನಲ್ಲೂ ಎಲ್ಲಾ ಫೋಟೋ ಕೊಡೋ ಬದಲು ಆರಿಸಿದ ಫೋಟೋ ಮಾತ್ರ ಕೊಡೋ ಆಯ್ಕೆ ಇದೆ, ಅದನ್ನೇ ಒತ್ತಿ, ನಿಮ್ಮ ಮನೆ ಮಕ್ಕಳ ಫೋಟೋ, ಆಧಾರ್ ಫೋಟೋ ಎಲ್ಲಾ ಆ ಆಪ್‌ಗೆ ಯಾಕೆ ಬೇಕು. ಎರಡನೇದು ಫ್ರೀ ಟ್ರಯಲ್. ಏಳು ದಿನ ಫ್ರೀ ಅಂತ ದೊಡ್ಡಕ್ಷರದಲ್ಲಿ ಬಂದು ಕೆಳಗೆ ಸಣ್ಣಕ್ಷರದಲ್ಲಿ ಆಮೇಲೆ ವರ್ಷಕ್ಕೆ ಇಷ್ಟು ಅಂತ ಇರುತ್ತೆ, ಆ ಪರದೆ ಮೂಲೆಯಲ್ಲಿ ಸಣ್ಣ ಇಂಟು ಗುರುತು ಇರುತ್ತೆ, ಅದನ್ನ ಒತ್ತಿ ಆಚೆ ಬನ್ನಿ, ಫ್ರೀ ಇರೋದರಲ್ಲೇ ನಮ್ಮ ಕೆಲಸ ಆಗುತ್ತೆ. ಗೊತ್ತಿಲ್ಲದೆ ಒತ್ತಿಬಿಟ್ಟಿದ್ರೆ ಆಪ್ ಡಿಲೀಟ್ ಮಾಡಿದ್ರೆ ಸಬ್‌ಸ್ಕ್ರಿಪ್ಷನ್ ನಿಲ್ಲಲ್ಲ, ಪ್ಲೇಸ್ಟೋರ್ ಒಳಗೆ ಸಬ್‌ಸ್ಕ್ರಿಪ್ಷನ್ಸ್ ಅಂತ ಇರೋ ಕಡೆ ಹೋಗಿ ಕ್ಯಾನ್ಸಲ್ ಮಾಡ್ಬೇಕು.

ಫೋಟೋ ತೆಗೆಯೋದು, ಅರ್ಧ ಕೆಲಸ ಇಲ್ಲೇ

ಆಪ್ ಎಷ್ಟೇ ಚೆನ್ನಾಗಿರ್ಲಿ ಫೋಟೋ ಮಸುಕಾಗಿದ್ರೆ ಏನೂ ಪ್ರಯೋಜನ ಇಲ್ಲ. ಮೊದಲು ಫೋನಿನ ಲೆನ್ಸ್ ಒರೆಸಿ, ಹಳೇ ಕಾಟನ್ ಬಟ್ಟೆ ಸಾಕು, ಅಡುಗೆಮನೆ ಕೈಯಲ್ಲಿ ಮುಟ್ಟಿ ಮುಟ್ಟಿ ಎಣ್ಣೆ ಜಿಡ್ಡು ಕೂತಿರುತ್ತೆ, ಅದರಿಂದಾನೇ ಎಷ್ಟೋ ಫೋಟೋ ಮಂಜುಮಂಜಾಗಿ ಬರೋದು. ಬಟ್ಟೆನ ಉಲ್ಟಾ ಮಾಡಿ ಕೆಳಗೆ ದಪ್ಪ ಟವೆಲ್ ಹಾಕಿ ಹಿಂದ್ಗಡೆಯಿಂದ ಇಸ್ತ್ರಿ ಮಾಡಿ, ಮುಂದ್ಗಡೆಯಿಂದ ಒತ್ತಿದ್ರೆ ದಾರ ಚಪ್ಪಟೆ ಆಗಿ ಹೊಲಿಗೆ ಉಬ್ಬು ಹೋಗುತ್ತೆ. ಸುಕ್ಕು ಕಣ್ಣಿಗೆ ಅಷ್ಟು ಕಾಣದೇ ಇದ್ರೂ ಫೋಟೋದಲ್ಲಿ ಎದ್ದು ಕಾಣುತ್ತೆ.

ಬೆಳಕು ಕಿಟಕಿಯಿಂದ ಬರ್ಬೇಕು, ನೇರ ಬಿಸಿಲು ಬೀಳ್ಬಾರ್ದು, ಫ್ಲ್ಯಾಶ್ ಅಂತೂ ಬೇಡವೇ ಬೇಡ. ಬಟ್ಟೆನ ಕಿಟಕಿ ಪಕ್ಕ ಚಾಪೆ ಮೇಲೆ ಹರಡಿ, ಬೆಳಕು ಒಂದು ಪಕ್ಕದಿಂದ ಓರೆಯಾಗಿ ಬಂದ್ರೆ ಒಂದೊಂದು ಎಳೆಗೂ ಸಣ್ಣ ನೆರಳು ಬಿದ್ದು ಹೊಲಿಗೆ ಉಬ್ಬಿ ಕಾಣುತ್ತೆ. ಇನ್ನೊಂದು ಪಕ್ಕ ತೀರಾ ಕತ್ತಲೆ ಅನ್ಸಿದ್ರೆ ಒಂದು ಬಿಳಿ ಥರ್ಮಾಕೋಲ್ ಹಲಗೆನೋ ಬಿಳಿ ಚಾರ್ಟ್ ಪೇಪರೋ ನಿಲ್ಸಿ, ಬೆಳಕು ಅದಕ್ಕೆ ಬಿದ್ದು ವಾಪಸ್ ಬರುತ್ತೆ. ಆ ಹೊತ್ತಲ್ಲಿ ಟ್ಯೂಬ್‌ಲೈಟ್ ಆರಿಸಿಬಿಡಿ, ಕಿಟಕಿ ಬೆಳಕೂ ಟ್ಯೂಬ್‌ಲೈಟೂ ಸೇರಿದ್ರೆ ಒಂದು ಬಟ್ಟೆಯಲ್ಲೇ ಎರಡು ಬಣ್ಣ ಬರುತ್ತೆ. ಕೊಲಾಜ್‌ಗೆ ಬೇಕಾದ ಎಲ್ಲಾ ಫೋಟೋನೂ ಒಂದೇ ಜಾಗದಲ್ಲಿ ಒಂದೇ ಹೊತ್ತಲ್ಲಿ ತೆಗೀರಿ, ಇದು ಬಹಳ ಮುಖ್ಯ, ಬೆಳಿಗ್ಗೆ ಒಂದು ಸಂಜೆ ಒಂದು ತೆಗೆದು ಅಕ್ಕಪಕ್ಕ ಇಟ್ರೆ ಬೇರೆ ಬೇರೆ ಸೀರೆ ಅಂದ್ಕೊಳ್ತಾರೆ.

ಕಪ್ಪು ಬಟ್ಟೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು ಯಾಕಂದ್ರೆ ಕಸೂತಿಗೆ ಕಪ್ಪು ಚಂದ್ರಕಾಳಿ ಸೀರೆ ಹೇಳಿ ಮಾಡ್ಸಿದ್ದು, ಆದ್ರೆ ಫೋನ್ ಕ್ಯಾಮೆರಾಗೆ ಕಪ್ಪು ಅಂದ್ರೆ ಕಷ್ಟ. ಕ್ಯಾಮೆರಾ ತನ್ನಷ್ಟಕ್ಕೆ ತಾನು ಎಲ್ಲಾನೂ ಮಧ್ಯಮ ಬೆಳಕಿಗೆ ತರೋಕೆ ನೋಡುತ್ತೆ, ಹಾಗಾಗಿ ಕಪ್ಪು ಸೀರೆ ಬೂದಿ ಬಣ್ಣಕ್ಕೆ ಬರುತ್ತೆ, ಅದರ ಮೇಲಿರೋ ಕೆಂಪು ಕಿತ್ತಳೆ ದಾರ ಹೊಳೆದು ಎಳೆ ಎಳೆ ಕಾಣದೆ ಒಂದೇ ಗುಪ್ಪೆ ಆಗುತ್ತೆ. ಇದಕ್ಕೆ ದಾರಿ ಏನಂದ್ರೆ, ಪರದೆ ಮೇಲೆ ಹೊಲಿಗೆ ಇರೋ ಜಾಗಕ್ಕೆ ಬೆರಳಿಟ್ಟು ಒತ್ತಿ ಹಿಡೀರಿ, ಫೋಕಸ್ಸು ಬೆಳಕು ಎರಡೂ ಲಾಕ್ ಆಗುತ್ತೆ, ಪಕ್ಕದಲ್ಲಿ ಸಣ್ಣ ಸೂರ್ಯನ ಗುರುತು ಬಂದ್ರೆ ಅದನ್ನ ಕೆಳಗೆ ಎಳೀರಿ, ಕಪ್ಪು ನಿಜವಾಗ್ಲೂ ಕಪ್ಪಾಗೋವರೆಗೆ. ಬಿಳಿ ಖಾದಿ ಮೇಲೆ ಹಾಕಿದ್ರೆ ಇದೇ ಉಲ್ಟಾ, ಬಿಳಿ ಕೊಳಕಾಗಿ ಕಾಣುತ್ತೆ, ಸ್ವಲ್ಪ ಮೇಲೆ ಎಳೀಬೇಕು.

ಇಳಕಲ್ ಸೀರೆ ಒಡಲಲ್ಲಿ ಸಣ್ಣ ಚೌಕಳಿ ಇದ್ರೆ ಇನ್ನೊಂದು ತೊಂದರೆ ಬರುತ್ತೆ, ಫೋಟೋದಲ್ಲಿ ಇಲ್ಲದೇ ಇರೋ ಅಲೆಅಲೆ ಗೆರೆಗಳು ಕಾಣುತ್ತೆ. ಸೀರೆ ತಪ್ಪಲ್ಲ, ಚೌಕಳಿ ಗೆರೆಗಳ ಅಂತರ ಮತ್ತೆ ಕ್ಯಾಮೆರಾದ ಚುಕ್ಕಿಗಳ ಅಂತರ ಒಂದಕ್ಕೊಂದು ಹತ್ರ ಬಂದಾಗ ಹಂಗಾಗುತ್ತೆ. ಒಂದು ಅಡಿ ಹಿಂದೆ ಮುಂದೆ ಹೋಗಿ ಇನ್ನೊಂದು ತೆಗೀರಿ, ಹೋಗುತ್ತೆ. ಫೋಟೋನ ಕೊಲಾಜ್‌ನಲ್ಲಿ ಸಣ್ಣದು ಮಾಡಿದಾಗ್ಲೂ ಬರ್ಬೋದು, ಹಾಗಾಗಿ ಬೇರೆ ಬೇರೆ ದೂರದಿಂದ ಎರಡು ಮೂರು ತೆಗೆದಿಟ್ಕೊಂಡಿರೋದು ಒಳ್ಳೇದು.

ಹತ್ರದ ಫೋಟೋಗೆ ಫೋನ್‌ನ ಬಟ್ಟೆಗೆ ಅಂಟಿಸೋಷ್ಟು ಹತ್ರ ತರ್ಬೇಡಿ, ಫೋನಿನ ನೆರಳೇ ಬೀಳುತ್ತೆ, ಅಂಚಿನ ಗೆರೆಗಳೂ ಬಾಗುತ್ತೆ. ಸ್ವಲ್ಪ ದೂರ ನಿಂತು 2 ಪಟ್ಟು ಜೂಮ್ ಮಾಡಿ ತೆಗೀರಿ. ಪೋರ್ಟ್ರೇಟ್ ಮೋಡ್ ಬೇಡ, ಅದು ದಾರದ ತುದಿಗಳನ್ನೆಲ್ಲ ಮಸುಕು ಮಾಡುತ್ತೆ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಗೆರೆ ಆನ್ ಮಾಡ್ಕೊಂಡು ಬಟ್ಟೆಯ ಅಂಚನ್ನ ಆ ಗೆರೆಗೆ ಸಮ ಮಾಡಿ, ಫೋನ್ ಬಟ್ಟೆಗೆ ಸರಿಯಾಗಿ ಮೇಲಿರ್ಲಿ, ವಾಲಿದ್ರೆ ಗೋಪುರದ ಒಂದು ಪಕ್ಕ ದಪ್ಪ ಒಂದು ಪಕ್ಕ ಸಣ್ಣ ಆಗುತ್ತೆ.

ಯಾವ ಯಾವ ಫೋಟೋ ಬೇಕು

ಇಲ್ಲಿ ಹೊಲಿಗೆ ನೋಡ್ಕೊಂಡು ತೀರ್ಮಾನ ಮಾಡ್ಬೇಕು. ಕಸೂತಿಯಲ್ಲಿ ನಾಲ್ಕು ಹೊಲಿಗೆ, ಗವಂತಿ (ಹೋಗಿ ವಾಪಸ್ ಬಂದು ಗೆರೆ ತುಂಬೋದು), ಮುರ್ಗಿ (ಮೆಟ್ಟಿಲ ಥರ ಅಂಕುಡೊಂಕು), ನೇಯ್ಗೆ (ನೇಯ್ದ ಹಾಗೆ ಕಾಣೋದು), ಮೆಂತೆ (ಕ್ರಾಸ್ ಹೊಲಿಗೆ). ಗವಂತಿ ಮತ್ತೆ ಮುರ್ಗಿ ಎರಡೂ ಕಡೆ ಒಂದೇ ಥರ ಬರುತ್ತೆ, ಗಂಟು ಹಾಕದೆ ಮಾಡಿರೋದ್ರಿಂದ ಹಿಂದ್ಗಡೆನೂ ನೀಟಾಗಿರುತ್ತೆ, ಸೋ ಇವೆರಡಕ್ಕೆ ಹಿಂಭಾಗದ ಫೋಟೋ ಇರ್ಲೇಬೇಕು, ಅದೇ ನಿಮ್ಮ ಕೈಕೆಲಸಕ್ಕೆ ಸಾಕ್ಷಿ, ಮಷೀನ್ ಕೆಲಸದ ಹಿಂದ್ಗಡೆ ನೋಡಿದವರಿಗೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತೆ. ಸೀರೆ ಒಂದು ಮೂಲೆಯನ್ನ ಮಡಚಿ ಇಟ್ರೆ ಒಂದೇ ಚೌಕಟ್ಟಿನಲ್ಲಿ ಮುಂದೆ ಹಿಂದೆ ಎರಡೂ ಬರುತ್ತೆ, ಇಲ್ಲಾ ಬೇರೆ ಬೇರೆ ತೆಗೆದು ಕೊಲಾಜ್‌ನಲ್ಲಿ ಪಕ್ಕಪಕ್ಕ ಇಡಿ, ನನಗೆ ಎರಡನೇದೇ ಇಷ್ಟ. ನೇಯ್ಗೆ ಮತ್ತೆ ಮೆಂತೆ ಹೊಲಿಗೆಯಲ್ಲಿ ಹಿಂದ್ಗಡೆ ಮುಂದಿನ ಥರ ಬರಲ್ಲ, ಅದು ಆ ಹೊಲಿಗೆಯ ಗುಣ, ಅದಕ್ಕೆ ಅಲ್ಲಿ ಹಿಂಭಾಗ ಬಿಟ್ಟು ಆ ಜಾಗಕ್ಕೆ ಇನ್ನೂ ಹತ್ರದ ಒಂದು ಫೋಟೋ ಹಾಕಿ, ನೇಯ್ಗೆಯಲ್ಲಿ ದಾರ ತುಂಬಿ ಬಟ್ಟೆಯೊಳಗೇ ನೇಯ್ದ ಹಾಗೆ ಕೂತಿರೋದು ಕಾಣೋ ಥರ.

ಇನ್ನು ಕೈಯಲ್ಲೇ ಮಾಡಿದ್ದು ಅಂತ ತೋರ್ಸೋಕೆ ಸೂಜಿ ಹಿಡಿದ ಕೈ ಫೋಟೋ ಎಲ್ಲರೂ ಹಾಕ್ತಾರೆ. ಅದಕ್ಕಿಂತ ಚೆನ್ನಾಗಿ ಮಾತಾಡೋದು ಒಂದಿದೆ. ಗವಂತಿ ಹಾಕೋವಾಗ ಹೋಗೋ ಸಾಲಿನಲ್ಲಿ ಒಂದು ಬಿಟ್ಟು ಒಂದು ಹೊಲಿಗೆ ಬಿದ್ದು ಗೆರೆ ತುಂಡು ತುಂಡಾಗಿ ಇರುತ್ತಲ್ಲ, ಅಲ್ಲಿಗೆ ನಿಲ್ಲಿಸಿ ಒಂದು ಫೋಟೋ ತೆಗೀರಿ. ವಾಪಸ್ ಬರೋ ಸಾಲಲ್ಲಿ ಖಾಲಿ ಜಾಗ ತುಂಬಿ ಗೆರೆ ಪೂರ್ತಿ ಆದ್ಮೇಲೆ ಅದೇ ಜಾಗದಿಂದ ಇನ್ನೊಂದು ತೆಗೀರಿ. ಈ ಎರಡನ್ನ ಪಕ್ಕಪಕ್ಕ ಇಟ್ರೆ ಕಸೂತಿ ಅಂದ್ರೆ ಏನು ಅಂತ ಗೊತ್ತೇ ಇಲ್ಲದವರಿಗೂ ಒಂದೇ ನೋಟದಲ್ಲಿ ಅರ್ಥ ಆಗುತ್ತೆ, ಒಂದು ಗೆರೆಗೆ ಎರಡು ಸಲ ಹೋಗ್ಬೇಕು ಅನ್ನೋದು ಕಂಡಾಗ ರೇಟ್ ಯಾಕೆ ಇಷ್ಟು ಅಂತ ಕೇಳಲ್ಲ. ರೇಷ್ಮೆ ಮೇಲೆ ಎಳೆ ಎಣಿಸೋಕೆ ಆಗಲ್ಲ ಅಂತ ಕ್ಯಾನ್ವಾಸ್ ಇಟ್ಟು ಅದರ ಮೇಲೆ ಹಾಕಿ ಆಮೇಲೆ ಕ್ಯಾನ್ವಾಸ್ ಎಳೆಗಳನ್ನ ಒಂದೊಂದೇ ಕೀಳ್ತೀವಲ್ಲ, ಆ ಕೀಳೋ ಹಂತದ ಫೋಟೋನೂ ಹೀಗೇ, ಅರ್ಧ ಕಿತ್ತು ಅರ್ಧ ಬಿಟ್ಟಾಗ ತೆಗೀರಿ. ಇವೆಲ್ಲ ಕೆಲಸ ಮುಗಿದ್ಮೇಲೆ ಬೇಕು ಅಂದ್ರೂ ಸಿಗಲ್ಲ, ಹಾಗಾಗಿ ಹೊಸ ಸೀರೆ ಶುರು ಮಾಡೋ ದಿನಾನೇ ಫೋನಲ್ಲಿ ಆ ಸೀರೆ ಹೆಸರಲ್ಲಿ ಒಂದು ಆಲ್ಬಮ್ ಮಾಡಿಟ್ಟು ಆಗಾಗ ತೆಗೆದು ಅದರೊಳಗೆ ಹಾಕ್ತಾ ಇರಿ.

ಅಳತೆಗೆ ಮೋಟಿಫ್ (ಆನೆ, ಗೋಪುರದಂಥ ಒಂದೊಂದು ಚಿತ್ತಾರ) ಪಕ್ಕ ಒಂದು ಸೂಜಿನೋ ಬೆರಳೋ ಇರ್ಲಿ, ಇಲ್ಲಾ ಹೊಲಿಗೆ ಟೇಪ್ ಇಡಿ. ಪೂರ್ತಿ ಫೋಟೋಗೆ ಸೀರೆನ ಉಟ್ಟಾಗ ತೆಗೆದಿದ್ರೆ ಅದಕ್ಕಿಂತ ಒಳ್ಳೇದಿಲ್ಲ, ಇಲ್ಲದಿದ್ರೆ ಸೆರಗು ಕಾಣೋ ಹಾಗೆ ಬಿದಿರು ಕೋಲಿಗೆ ಇಳಿಬಿಟ್ಟು ತೆಗೀರಿ.

ಜೋಡ್ಸೋದು

ಈಗ ಆಪ್ ಓಪನ್ ಮಾಡಿ. ಮೊದಲು ಕೇಳೋದು ಅಳತೆ, ಅದನ್ನ ಎಲ್ಲಿ ಹಾಕ್ತೀರ ಅನ್ನೋದರ ಮೇಲೆ ಆರಿಸ್ಬೇಕು, ಕೊನೆಗೆ ಬದಲಾಯಿಸಿದ್ರೆ ಎಲ್ಲಾ ಮನೆನೂ ಎಕ್ಕುಟ್ಟೋಗುತ್ತೆ. ವಾಟ್ಸಾಪ್ ಸ್ಟೇಟಸ್‌ಗೆ, ಇನ್‌ಸ್ಟಾ ಸ್ಟೋರಿಗೆ 9:16, ಅಂದ್ರೆ 1080 ಅಗಲ 1920 ಎತ್ತರ. ಇನ್‌ಸ್ಟಾ ಪೋಸ್ಟ್‌ಗೆ 4:5, ಅಂದ್ರೆ 1080ಕ್ಕೆ 1350. ಚೌಕ ಕೊಲಾಜ್ ಮೊದಲೆಲ್ಲ ಇನ್‌ಸ್ಟಾಗೆ ಸರಿಹೋಗ್ತಿತ್ತು, 2025ರಲ್ಲಿ ಪ್ರೊಫೈಲ್ ಪುಟದ ಮನೆಗಳೇ ಉದ್ದುದ್ದ ಆದ್ವು, ಈಗ ಚೌಕ ಹಾಕಿದ್ರೆ ಅಲ್ಲಿ ಎಡ ಬಲ ಕಟ್ಟಾಗಿ ಕಾಣುತ್ತೆ. ವಾಟ್ಸಾಪ್ ಗ್ರೂಪಿಗೆ ಮಾತ್ರ ಕಳ್ಸೋದಾದ್ರೆ ಯಾವುದಾದ್ರೂ ನಡೆಯುತ್ತೆ.

ಎಷ್ಟು ಮನೆ? ಕಸೂತಿಗೆ ಮೂರು, ಹೆಚ್ಚಂದ್ರೆ ನಾಲ್ಕು. ಲೆಕ್ಕ ಹಾಕಿ ನೋಡಿ, 1080 ಪಿಕ್ಸೆಲ್ ಅಗಲದಲ್ಲಿ ಅಡ್ಡಕ್ಕೆ ಮೂರು ಮನೆ ಮಾಡಿದ್ರೆ ಒಂದೊಂದಕ್ಕೆ 360 ಪಿಕ್ಸೆಲ್ ಸಿಗುತ್ತೆ, ಫೋನ್ ಪರದೆ ಮೇಲೆ ಎರಡು ಸೆಂಟಿಮೀಟರ್ ಚಿಲ್ಲರೆ, ಅದರಲ್ಲಿ ಗವಂತಿ ಹೊಲಿಗೆ ಯಾರಿಗೆ ಕಾಣುತ್ತೆ. ಒಂಬತ್ತು ಮನೆ ಕೊಲಾಜ್ ರಂಗೋಲಿಗೆ ಸರಿ, ಹಬ್ಬದಲ್ಲಿ ದಿನಕ್ಕೊಂದು ಹಾಕಿದ್ದನ್ನೆಲ್ಲ ಸೇರಿಸೋಕೆ, ನಮ್ಮ ಕೆಲಸಕ್ಕಲ್ಲ. ನನಗೆ ಅತ್ಯಂತ ಇಷ್ಟವಾದ ಜೋಡಣೆ ಅಂದ್ರೆ ಮೇಲ್ಗಡೆ ಅಗಲಕ್ಕೆ ಒಂದು ದೊಡ್ಡ ಮನೆ, ಕೆಳಗೆ ಎರಡು ಸಣ್ಣವು. ದೊಡ್ಡದರಲ್ಲಿ ಹತ್ರದ ಹೊಲಿಗೆ, ಕೆಳಗೆ ಒಂದರಲ್ಲಿ ಹಿಂಭಾಗ, ಇನ್ನೊಂದರಲ್ಲಿ ಪೂರ್ತಿ ಸೀರೆ. ತುಂಬಾ ಜನ ಪೂರ್ತಿ ಸೀರೆನ ದೊಡ್ಡ ಮನೆಗೆ ಹಾಕ್ತಾರೆ, ಆದ್ರೆ ಸೀರೆ ಎಷ್ಟು ಸಣ್ಣದಾದ್ರೂ ಅದು ಸೀರೆ ಅಂತ ಗೊತ್ತಾಗುತ್ತೆ, ಹೊಲಿಗೆ ಸಣ್ಣದಾದ್ರೆ ಮಾಯ ಆಗುತ್ತೆ, ಹಾಗಾಗಿ ದೊಡ್ಡ ಜಾಗ ಹೊಲಿಗೆಗೇ ಸಿಗ್ಬೇಕು. ಹಂತ ಹಂತವಾಗಿ ತೋರ್ಸೋದಾದ್ರೆ ಎರಡಕ್ಕೆರಡು ನಾಲ್ಕು ಮನೆ ತಗೊಳ್ಳಿ, ಡಿಸೈನ್ ಬರೆದ ಗ್ರಾಫ್ ಹಾಳೆ, ಹೋಗೋ ಸಾಲು, ಬರೋ ಸಾಲು, ಮುಗಿದದ್ದು, ಎಡದಿಂದ ಬಲಕ್ಕೆ, ಆಮೇಲೆ ಕೆಳಗೆ, ನಾವು ಓದೋ ಕ್ರಮದಲ್ಲೇ ಇರ್ಲಿ.

ಫೋಟೋನ ಮನೆಗೆ ಹಾಕಿದ ತಕ್ಷಣ ಆಪ್ ತನಗೆ ತೋಚಿದ ಹಾಗೆ ಮಧ್ಯದ ಭಾಗ ತೋರ್ಸುತ್ತೆ, ಅದನ್ನ ಹಾಗೇ ಬಿಡ್ಬೇಡಿ, ಮನೆ ಮೇಲೆ ಒಂದು ಸಲ ಮುಟ್ಟಿ ಎರಡು ಬೆರಳಲ್ಲಿ ಅಗಲ ಮಾಡಿ ಸರಿಸಿ, ಗೋಪುರದ ಕಳಸ, ನವಿಲಿನ ಜುಟ್ಟು, ಆನೆ ಸೊಂಡಿಲು ಅರ್ಧ ಕಟ್ಟಾಗದ ಹಾಗೆ ನೋಡ್ಕೊಳ್ಳಿ, ಸುತ್ತ ಒಂದಿಷ್ಟು ಖಾಲಿ ಬಟ್ಟೆ ಇರ್ಲಿ. ಸ್ವಲ್ಪ ವಾಲಿದ್ರೂ ಕಸೂತಿಯಲ್ಲಿ ಕಣ್ಣಿಗೆ ಚುಚ್ಚುತ್ತೆ, ಅದಕ್ಕೆ ಕೊಲಾಜ್‌ಗೆ ಹಾಕೋ ಮುಂಚೇನೇ ಗ್ಯಾಲರಿಯಲ್ಲಿ ಎಡಿಟ್ ಒತ್ತಿ ಕ್ರಾಪ್ ಒಳಗೆ ನೆಟ್ಟಗೆ ಮಾಡೋ ಸ್ಕೇಲ್ ಇರುತ್ತೆ, ಅದರಲ್ಲಿ ಸರಿ ಮಾಡಿ. ಮನೆಗಳ ಮಧ್ಯದ ಅಂತರ ಸಣ್ಣದಿರ್ಲಿ, ಬಣ್ಣ ಬಿಳಿ ಅಥವಾ ಸೀರೆ ಅಂಚಿನ ಬಣ್ಣ, ಇಷ್ಟೇ ಸಾಕು. ಹಿನ್ನೆಲೆಗೆ ಹೂವಿನ ಚಿತ್ತಾರ, ಮೂಲೆಗೆ ಹಾರ್ಟು, ಮಿನುಗೋ ನಕ್ಷತ್ರ, ಇವೆಲ್ಲ ಆಪ್‌ನಲ್ಲಿ ರಾಶಿ ರಾಶಿ ಇರುತ್ತೆ, ದಯವಿಟ್ಟು ಬೇಡ, ನೀವು ಕೈಯಾರೆ ಹಾಕಿರೋ ಚಿತ್ತಾರ ಇರೋವಾಗ ಆಪ್‌ನ ಚಿತ್ತಾರ ಅದರ ಜೊತೆ ಜಗಳ ಆಡುತ್ತೆ.

ಫಿಲ್ಟರ್ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಆರ್ಡರ್ ತಗೊಳ್ಳೋರು ಫಿಲ್ಟರ್ ಹಾಕ್ಲೇಬಾರ್ದು. ದಾಳಿಂಬೆ ಕೆಂಪು ರಾಣಿ ಪಿಂಕ್ ಆಗಿ, ಗಿಳಿ ಹಸಿರು ನಿಂಬೆ ಬಣ್ಣ ಆಗಿ ಕಂಡ್ರೆ ಸೀರೆ ಕೈಗೆ ಸಿಕ್ಕಾಗ ಅವರು ಬೇಜಾರಾಗೋದು ನ್ಯಾಯಾನೇ. ಬೆಳಕು ಕಮ್ಮಿ ಇದ್ರೆ ಬ್ರೈಟ್‌ನೆಸ್ ಒಂಚೂರು ಏರಿಸಿ, ಎಲ್ಲಾ ಫೋಟೋಗೂ ಒಂದೇ ಅಳತೆ. ಸೀರೆನ ಫೋನ್ ಪಕ್ಕದಲ್ಲೇ ಇಟ್ಕೊಂಡು ಪರದೆ ನೋಡಿ ಸೀರೆ ನೋಡಿ ಸರಿ ಮಾಡಿ.

ಕನ್ನಡದಲ್ಲಿ ಬರೀರಿ

ಕೊಲಾಜ್ ಮೇಲೆ ಎರಡು ಸಾಲು ಬರಹ ಇದ್ರೆ ಅದು ಫಾರ್ವರ್ಡ್ ಆಗಿ ಎಲ್ಲಿಗೆ ಹೋದ್ರೂ ಮಾಹಿತಿ ಜೊತೆಗೇ ಹೋಗುತ್ತೆ. ಏನು ಬರೀಬೇಕು ಅಂದ್ರೆ ಮೋಟಿಫ್ ಹೆಸರು, ಯಾವ ಹೊಲಿಗೆ, ಯಾವ ಬಟ್ಟೆ, ಯಾರು ಹಾಕಿದ್ದು. "ತುಳಸಿಕಟ್ಟೆ, ಗವಂತಿ ಮತ್ತೆ ಮುರ್ಗಿ, ಇಳಕಲ್ ಸೀರೆ ಮೇಲೆ" ಅಂತ ಇಷ್ಟು ಬರೆದ್ರೂ ನೋಡೋರು ನಾಲ್ಕು ಪದ ಕಲೀತಾರೆ, ಈ ಹೆಸರುಗಳು ಉಳೀಬೇಕು ಅಂದ್ರೆ ನಾವೇ ಬಳಸ್ಬೇಕು.

ಆದ್ರೆ ಹೊರಗಿನ ಆಪ್‌ಗಳಲ್ಲಿ ಕನ್ನಡ ಬರೆಯೋವಾಗ ಹುಷಾರು. ಚೆಂದ ಕಾಣೋ ಫಾಂಟ್ ಎಷ್ಟೋ ಇಂಗ್ಲಿಷ್‌ಗೆ ಮಾತ್ರ ಮಾಡಿರೋದು, ಕನ್ನಡ ಟೈಪ್ ಮಾಡಿದ್ರೆ ಖಾಲಿ ಡಬ್ಬಿ ಬರುತ್ತೆ ಇಲ್ಲಾ ಫೋನಿನ ಮಾಮೂಲಿ ಫಾಂಟೇ ಬರುತ್ತೆ. ಕ್ಯಾನ್ವಾ ಥರದ ಆಪ್‌ನಲ್ಲಿ ಫಾಂಟ್ ಹುಡುಕೋ ಜಾಗದಲ್ಲಿ ಬಲೂ ತಮ್ಮ (Baloo Tamma), ಅನೇಕ್ ಕನ್ನಡ (Anek Kannada), ನೋಟೋ ಸಾನ್ಸ್ ಕನ್ನಡ (Noto Sans Kannada) ಅಂತ ಹೆಸರು ಹಾಕಿ ನೋಡಿ, ಇವು ಕನ್ನಡಕ್ಕೇ ಅಂತ ಮಾಡಿರೋ ಫಾಂಟು, ಬಲೂ ತಮ್ಮ ದಪ್ಪಕೆ ಗುಂಡುಗುಂಡಗೆ ಇದ್ದು ದೂರಕ್ಕೂ ಓದೋಕೆ ಬರುತ್ತೆ. ಇನ್ನೊಂದು, ಅಕ್ಷರಗಳ ನಡುವಿನ ಅಂತರ ಸೊನ್ನೆಗೆ ಇಡಿ, ಅದನ್ನ ಹೆಚ್ಚು ಮಾಡಿದ್ರೆ ಕೆಲವು ಆಪ್‌ಗಳಲ್ಲಿ ಒತ್ತಕ್ಷರ ತನ್ನ ಅಕ್ಷರ ಬಿಟ್ಟು ಆಚೆ ಹೋಗಿ ನಿಲ್ಲುತ್ತೆ. ಸಾಲುಗಳ ನಡುವಿನ ಅಂತರ ಮಾತ್ರ ಇಂಗ್ಲಿಷ್‌ಗಿಂತ ಜಾಸ್ತಿ ಬೇಕು, ನಮ್ಮ ಒತ್ತು ಕೆಳಗೆ ಇಳಿಯುತ್ತೆ, ಗುಡಿಸು ಏತ್ವ ಮೇಲೆ ಏರುತ್ತೆ, ಕಮ್ಮಿ ಇದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಹೊಡೆಯುತ್ತೆ. ಬರೆದಾದ್ಮೇಲೆ ದೊಡ್ಡದು ಮಾಡಿ ಒಂದೊಂದೇ ಅಕ್ಷರ ಓದಿ, "ಹೊಲಿಗೆ" ಸರಿ ಇದ್ದು "ಮುರ್ಗಿ"ಯ ಅರ್ಕಾವತ್ತು ಒಡೆದಿರ್ಬೋದು. ಏನು ಮಾಡಿದ್ರೂ ಸರಿ ಬರ್ಲಿಲ್ಲ ಅಂದ್ರೆ ಆ ಆಪ್‌ನಲ್ಲಿ ಬರೀದೇ ಕೊಲಾಜ್ ಮಾತ್ರ ಸೇವ್ ಮಾಡ್ಕೊಂಡು ಅಕ್ಷರವನ್ನ ವಾಟ್ಸಾಪ್ ಸ್ಟೇಟಸ್ ಅಥವಾ ಇನ್‌ಸ್ಟಾ ಸ್ಟೋರಿಯ ಅಕ್ಷರ ಬರೆಯೋ ಜಾಗದಲ್ಲೇ ಹಾಕಿ, ಅಲ್ಲಿ ಕನ್ನಡ ಚೆನ್ನಾಗೇ ಕೂರುತ್ತೆ.

ಬರಹ ಹೊಲಿಗೆ ಮೇಲೆ ಬೀಳ್ಬಾರ್ದು. ಖಾಲಿ ಬಟ್ಟೆ ಇರೋ ಕಡೆ ಹಾಕಿ ಅಥವಾ ಕೊಲಾಜ್‌ನಲ್ಲೇ ಒಂದು ಪಟ್ಟಿ ಬಿಟ್ಟು ಅದರಲ್ಲಿ ಬರೀರಿ. ಹಂಗೇ ಸ್ಟೇಟಸ್, ಸ್ಟೋರಿಗಾದ್ರೆ ತೀರಾ ಮೇಲೆ ತೀರಾ ಕೆಳಗೆ ಬರೀಬೇಡಿ, ಮೇಲೆ ನಿಮ್ಮ ಹೆಸರು ಕೆಳಗೆ ರಿಪ್ಲೈ ಪಟ್ಟಿ ಬಂದು ಮುಚ್ಚುತ್ತೆ, 1920 ಎತ್ತರದಲ್ಲಿ ಎರಡೂ ತುದಿಗೆ ಸುಮಾರು 250 ಪಿಕ್ಸೆಲ್ ಬಿಟ್ಬಿಡಿ.

ಸೇವ್ ಮಾಡಿ ಕಳ್ಸೋದು

ಸೇವ್ ಮಾಡೋವಾಗ ಕ್ವಾಲಿಟಿ ಕೇಳಿದ್ರೆ ಅತಿ ಹೆಚ್ಚು ಇರೋದನ್ನೇ ಆರಿಸಿ. ಸ್ಕ್ರೀನ್‌ಶಾಟ್ ತೆಗೆದು ಕಳ್ಸೋ ಅಭ್ಯಾಸ ತುಂಬಾ ಜನಕ್ಕಿದೆ, ಅದರಲ್ಲಿ ಎಳೆಗಳೆಲ್ಲ ಕಲಸಿಹೋಗುತ್ತೆ. ವಾಟ್ಸಾಪ್ ಕೂಡ ಸುಮ್ನೆ ಕಳ್ಸಿದ್ರೆ ಫೋಟೋನ ಕುಗ್ಗಿಸುತ್ತೆ, ಅದಕ್ಕೆ ಫೋಟೋ ಆರಿಸಿದ ಮೇಲೆ ಮೇಲ್ಗಡೆ ಎಚ್‌ಡಿ ಅಂತ ಬರುತ್ತಲ್ಲ ಅದನ್ನ ಒತ್ತಿ ಕಳ್ಸಿ, 2023ರಿಂದ ಈ ಸೌಲಭ್ಯ ಇದೆ. ಪ್ರಿಂಟ್ ಹಾಕ್ಸೋಕೆ, ಪ್ರದರ್ಶನಕ್ಕೆ, ಪತ್ರಿಕೆಗೆ ಅಂತ ಯಾರಾದ್ರೂ ಕೇಳಿದ್ರೆ ಎಚ್‌ಡಿನೂ ಸಾಲಲ್ಲ, ಅಟ್ಯಾಚ್ ಗುರುತು ಒತ್ತಿ ಡಾಕ್ಯುಮೆಂಟ್ ಅಂತ ಆರಿಸಿ ಫೋಟೋ ಕಳ್ಸಿ, ಒಂದು ಚುಕ್ಕಿನೂ ಕಮ್ಮಿ ಆಗದೆ ಹೋಗುತ್ತೆ.

ಇನ್‌ಸ್ಟಾದಲ್ಲಿ ಒಂದು ಪೋಸ್ಟ್‌ಗೆ 20 ಫೋಟೋವರೆಗೆ ಹಾಕ್ಬೋದು, ಹಾಗಾಗಿ ಮೊದಲನೇದು ಕೊಲಾಜ್ ಇಟ್ಟು ಆಮೇಲೆ ಅದೇ ಫೋಟೋಗಳನ್ನ ಒಂದೊಂದಾಗಿ ಪೂರ್ತಿ ಅಳತೆಯಲ್ಲಿ ಹಾಕಿ, ಆಸಕ್ತಿ ಇರೋರು ಸರಿಸಿ ಸರಿಸಿ ನೋಡ್ತಾರೆ. ವಾಟ್ಸಾಪ್ ಸ್ಟೇಟಸ್ 24 ಗಂಟೆಗೆ ಹೋಗ್ಬಿಡುತ್ತೆ, ಆರ್ಡರ್ ತಗೊಳ್ಳೋರು ವಾಟ್ಸಾಪ್ ಬಿಸಿನೆಸ್ ಹಾಕ್ಕೊಂಡು ಅದರ ಕ್ಯಾಟಲಾಗ್‌ನಲ್ಲಿ ಇಡಿ, ಅಲ್ಲಿ ಒಂದೊಂದು ವಸ್ತುಗೂ 10 ಫೋಟೋ ಇಡ್ಬೋದು, ಯಾರಾದ್ರೂ "ಡಿಸೈನ್ ತೋರ್ಸಿ" ಅಂದಾಗ ಗ್ಯಾಲರಿ ತಡಕಾಡೋ ಬದಲು ಆ ಲಿಂಕ್ ಕಳ್ಸಿದ್ರಾಯ್ತು.

ಕಳ್ಸೋ ಬಟನ್ ಒತ್ತೋ ಮುಂಚೆ ಕೊಲಾಜ್‌ನ ಮೂಲೆ ಮೂಲೆ ನೋಡಿ. ಹಿಂದೆ ಮಗು ಆಡ್ತಿರೋದು, ಕೊರಿಯರ್ ಕವರ್ ಮೇಲಿನ ವಿಳಾಸ, ಫೋನ್ ನಂಬರ್ ಬರೆದ ಚೀಟಿ, ಏನಾದ್ರೂ ಇದ್ರೆ ಕ್ರಾಪ್ ಮಾಡಿ. ಮದುವೆ ಸೀರೆ ಆಗಿದ್ರೆ ಮದುವೆ ಮುಗಿಯೋವರೆಗೆ ಹಾಕ್ಬೇಡಿ, ಹಾಕೋ ಮುಂಚೆ ಅವರನ್ನ ಒಂದು ಮಾತು ಕೇಳಿ, ಉಟ್ಟಿರೋ ಫೋಟೋದಲ್ಲಿ ಮುಖ ಇದ್ರಂತೂ ಕೇಳ್ಲೇಬೇಕು. ಆನೆ, ತೇರು, ಗೋಪುರ ನಮ್ಮ ಅಜ್ಜಿಯರ ಕಾಲದಿಂದ ಬಂದಿದ್ದು, ಯಾರು ಬೇಕಾದ್ರೂ ಹಾಕ್ಬೋದು, ಆದ್ರೆ ಬೇರೆಯವರು ಹಾಕಿದ ಕೆಲಸದ ಫೋಟೋನ ತಂದು ನಿಮ್ಮ ಕೊಲಾಜ್‌ನಲ್ಲಿ ಸೇರಿಸೋದು ಮಾತ್ರ ಬೇಡ, ಆ ಡಿಸೈನ್ ಮಾಡಿಕೊಡ್ತೀನಿ ಅಂತ ತೋರ್ಸೋಕೂ ಬೇಡ.

ಇನ್ನೊಂದು ನನಗೆ ತುಂಬಾ ಮುಖ್ಯ ಅನ್ಸೋದು. ಕಸೂತಿಯಲ್ಲಿ ಆರ್ಡರ್ ಹಿಡಿಯೋದು ಒಬ್ಬರು, ಸೂಜಿ ಹಿಡಿಯೋದು ಇನ್ನೊಬ್ಬರು ಆಗಿರೋದು ಮಾಮೂಲು. ಹಾಗಿದ್ದಾಗ ಕೊಲಾಜ್ ಮೇಲೆ ನಿಮ್ಮ ಹೆಸರಿನ ಜೊತೆ, ಅವರು ಒಪ್ಪಿದ್ರೆ, ಹಾಕಿದವರ ಹೆಸರೂ ಬರೀರಿ, ಸಣ್ಣಕ್ಷರದಲ್ಲಲ್ಲ, ನಿಮ್ಮ ಹೆಸರಿನಷ್ಟೇ ದೊಡ್ಡದಾಗಿ. ಅವರಿಗೂ ಒಂದು ಕಾಪಿ ಕಳ್ಸಿ, ಅವರ ಸ್ಟೇಟಸ್‌ನಲ್ಲೂ ಅವರು ಹೆಮ್ಮೆಯಿಂದ ಹಾಕ್ಕೊಳ್ಳಲಿ. ನಿಮ್ಮ ಹೆಸರನ್ನ ವಾಟರ್‌ಮಾರ್ಕ್ ಥರ ಹಾಕೋದಾದ್ರೆ ತುದಿ ಮೂಲೆಯಲ್ಲಿ ಹಾಕಿದ್ರೆ ಕ್ರಾಪ್ ಮಾಡಿ ತೆಗೀತಾರೆ, ದೊಡ್ಡ ಮನೆಯ ಒಳಗೆ ಮೋಟಿಫ್ ಹತ್ರದ ಖಾಲಿ ಬಟ್ಟೆ ಮೇಲೆ ತಿಳಿಯಾಗಿ ಹಾಕಿ.

ಎಲ್ಲಾ ಆದ್ಮೇಲೆ ಮೂಲ ಫೋಟೋಗಳನ್ನ ಡಿಲೀಟ್ ಮಾಡ್ಬೇಡಿ. ಕೊಲಾಜ್ ಒಂದು ಸಲ ಸೇವ್ ಆಗಿ ಒಂದೇ ಚಿತ್ರ ಆದ್ಮೇಲೆ ಅದರೊಳಗಿನ ಫೋಟೋನ ಮತ್ತೆ ಅದೇ ಕ್ವಾಲಿಟಿಯಲ್ಲಿ ತೆಗೆಯೋಕೆ ಆಗಲ್ಲ, ಸೀರೆ ಅಂತೂ ಗಿರಾಕಿ ಮನೆ ಸೇರಿರುತ್ತೆ. ಸೀರೆ ಹೆಸರಿನ ಆಲ್ಬಮ್ ಮಾಡಿದ್ರಲ್ಲ, ಅದರಲ್ಲೇ ಮೂಲ ಫೋಟೋ, ಕೊಲಾಜ್, ಗ್ರಾಫ್ ಹಾಳೆ ಫೋಟೋ, ದಾರದ ಶೇಡ್ ನಂಬರ್ ಇರೋ ಲೇಬಲ್ ಫೋಟೋ, ನಾಲ್ಕೂ ಇಟ್ಬಿಡಿ, ಇದೇ ಥರ ಇನ್ನೊಂದು ಬೇಕು ಅಂತ ಯಾರಾದ್ರೂ ವರ್ಷ ಬಿಟ್ಟು ಬಂದ್ರೂ ಎಲ್ಲಾ ಒಂದೇ ಕಡೆ ಸಿಗುತ್ತೆ.